ಮೀನು ಏರುವ ಹಳ್ಳ, ಮಟ್ಟವಾಗುವ ಹೊಲ

ನಾನು ಬರೆದ ನಿಯಮ ಮೊಟ್ಟಮೊದಲು ನಿಲ್ಲಿಸಿದ್ದು ನನ್ನ ಸ್ವಂತ ತಮ್ಮನ ಜೆಸಿಬಿಯನ್ನು. ಈಗ ಇದನ್ನು ಯಾರಿಗಾದರೂ ಹೇಳುವಾಗ ಎದೆ ಉಬ್ಬುತ್ತದೆ. ಆ ದಿನ ಮಾತ್ರ ಹಾಗಿರಲಿಲ್ಲ.

ನಮ್ಮದು ಮೂಡಲಗಿ ತಾಲೂಕಿನ ನಾಗನೂರ. ಅಪ್ಪ, ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕಬ್ಬು ಕಡಿದು, ಕಸ ಕಿತ್ತು ನಮ್ಮನ್ನು ಓದಿಸಿದರು. ಗೋಡೆಯ ಮೇಲೆ ಬುದ್ಧನ ಫೋಟೋ ಇದ್ದ ಪಡಸಾಲೆಯಲ್ಲಿ ನಾನು ಇಂಜಿನಿಯರಿಂಗ್ ಪುಸ್ತಕ ಹರವಿಕೊಂಡು ಕೂರುತ್ತಿದ್ದೆ. ತಮ್ಮ ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಯಾರದೋ ಕೆಟ್ಟುಹೋದ ನೀರಿನ ಪಂಪು ಬಿಚ್ಚಿ ಹರವಿಕೊಂಡಿರುತ್ತಿದ್ದ. ಮುಂದೆ ನನಗೆ ಹುಕ್ಕೇರಿ ತಾಲೂಕಿನಲ್ಲಿ ಕಿರಿಯ ಇಂಜಿನಿಯರ್ ನೌಕರಿ ಸಿಕ್ಕಿತು. ಮದುವೆಯಾಗಿ ಗೋಕಾಕದಲ್ಲಿ ಮನೆ ಮಾಡಿದೆ. ತಮ್ಮ ಐಟಿಐ ಮುಗಿಸಿ, ಕೆಲವು ವರ್ಷ ಬೇರೆಯವರ ಜೆಸಿಬಿ ಓಡಿಸಿ, ಆಮೇಲೆ ತನ್ನದೇ ಒಂದು ಯಂತ್ರ ಮಾಡಿಕೊಂಡ. ನಮ್ಮ ಓಣಿಯಲ್ಲಿ ಅದೇ ಮೊದಲ ಜೆಸಿಬಿ. ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು: “ಒಬ್ಬಾಕಿ ಬರೀತಾಳ, ಒಬ್ಬಾಂವ ಅಗೀತಾನ. ನನಗಿನ್ನೇನ ಬೇಕ?”

ಇಬ್ಬರ ಕೆಲಸಗಳೂ ಒಂದೇ ಹಳ್ಳದ ದಂಡೆಯಲ್ಲಿ ಎದುರುಬದುರು ಬಂದು ನಿಲ್ಲುತ್ತವೆ ಎಂದು ಆಗ ಯಾರು ಅಂದುಕೊಂಡಿದ್ದರು?

ಘೋಡಗೇರಿಯಿಂದ ಆಚೆ, ಕಲ್ಲುಗುಡ್ಡದ ಬುಡದಲ್ಲಿ ಒಂದು ಊರಿದೆ. ಗುಡ್ಡದಿಂದ ಇಳಿದು ಬರುವ ಹಳ್ಳವೊಂದು ಊರಿನ ಬಾಜೂಕ್ಕೆ ಹರಿದು ಘಟಪ್ರಭೆಯನ್ನು ಸೇರುತ್ತದೆ. ಅಲ್ಲಿ ನೀರು ನಿಲ್ಲಿಸಲು ಸಣ್ಣದೊಂದು ಬಾಂದಾರ ಕಟ್ಟಬೇಕು, ಜಾಗ ನೋಡಿ ಅಂದಾಜು ಮಾಡಿ ಎಂದು ಪಂಚಾಯಿತಿಯವರು ಕೇಳಿದ್ದರು. ಬೇಸಿಗೆಯ ಒಂದು ಬೆಳಿಗ್ಗೆ ನಾನು ಸ್ಕೂಟಿ ಮೇಲೆ ಹೋದೆ. ಪಂಚಾಯಿತಿ ಅಧ್ಯಕ್ಷರು ಹಳ್ಳದ ದಂಡೆಯಲ್ಲೇ ಕಾಯುತ್ತಿದ್ದರು. ಐವತ್ತು ದಾಟಿದ ಹೆಂಗಸು, ಕುರಿ ಸಾಕುವ ಮನೆತನದವರು. ಉಣ್ಣೆಯಲ್ಲಿ ಹೆಣೆದ ಪುಟ್ಟ ಚೀಲದಲ್ಲಿ ಮೊಬೈಲ್ ಇಟ್ಟು ಕೊರಳಿಗೆ ಹಾಕಿಕೊಂಡಿದ್ದರು. ನಾನು ಟೇಪು ಬಿಚ್ಚುವ ಮೊದಲೇ ಅವರು, ನಮ್ಮ ಕಡೆ ನೌಕರಿಯ ಹೆಂಗಸರನ್ನು ಕರೆಯುವಂತೆ ಬಾಯಾರ ಎಂದು ಕರೆದು, ಹೇಳಿಬಿಟ್ಟರು:

“ಬಾಯಾರ, ಬಾಂದಾರ ಕೇಳಿದಾಕಿ ನಾನ. ಖರೆ, ಈಗ ನೋಡಿದ್ರ ಇಲ್ಲಿ ಕಟ್ಟಿ ಉಪಯೋಗಿಲ್ರಿ. ನೀರ ನಿಲ್ಲೂದಿಲ್ಲ, ರಾಡಿ ನಿಲ್ಲತೈತಿ.”

ಅವರು ಹೇಳಿದ್ದು ನಿಜವಾಗಿತ್ತು. ಹಿಂದಿನ ಮಳೆಗಾಲದಲ್ಲಿ ಬಂದ ಮಣ್ಣು ಹಳ್ಳದ ತಳದಲ್ಲಿ ದಪ್ಪಗೆ ಕೂತು, ಒಣಗಿ, ಬಿರುಕು ಬಿಟ್ಟಿತ್ತು. ಉಸುಕು, ಕಲ್ಲು ಯಾವುದೂ ಕಾಣುತ್ತಿರಲಿಲ್ಲ. ನೀರಿದ್ದಾಗ ಕುರಿಗಳು ಕುಡಿಯಲು ಇಳಿದರೆ ಮೊಣಕಾಲ ತನಕ ಹುಗಿಯುತ್ತವೆ ಎಂದರು. ಮಣ್ಣು ಎಲ್ಲಿಂದ ಬಂತು ಎಂದು ನೋಡಲು ಇಬ್ಬರೂ ಹಳ್ಳ ಹಿಡಿದು ಮೇಲಕ್ಕೆ ನಡೆದೆವು. ಅವರ ನಡಿಗೆಗೆ ನಾನು ಓಡಬೇಕಾಯಿತು.

ಮೇಲೆ ಹೋದಂತೆ ಉತ್ತರ ತಾನಾಗಿ ಕಂಡಿತು. ಮೊದಲು ಜೋಳ, ಶೇಂಗಾ ಬೆಳೆಯುತ್ತಿದ್ದ ಇಳಿಜಾರು ಹೊಲಗಳನ್ನು ಈಗ ಕಬ್ಬಿಗಾಗಿ ಮಟ್ಟ ಮಾಡಿದ್ದರು. ಮೇಲಿನ ಭಾಗ ಕೊರೆದು ಕೆಳಗಿನ ಭಾಗ ತುಂಬುವುದು, ಉಳಿದ ಮಣ್ಣನ್ನು ಹಳ್ಳಕ್ಕೆ ತಳ್ಳುವುದು. ದಂಡೆಯ ಹುಲ್ಲು, ಜಾಲಿಗಿಡ ಎಲ್ಲ ಆ ಮಣ್ಣಿನಡಿ ಹೋಗಿದ್ದವು. ಯಂತ್ರದ ಹಲ್ಲಿನ ಗುರುತು ದಂಡೆಯ ಅಂಚಿನ ತನಕ ಇತ್ತು. ಆ ಸೀಮೆಯಲ್ಲಿ ನನ್ನ ತಮ್ಮ ಎರಡು ಬೇಸಿಗೆ ಕೆಲಸ ಮಾಡಿದ್ದು ನನಗೆ ಗೊತ್ತಿತ್ತು. ಅಲ್ಲೇ ನಿಂತು ಅಧ್ಯಕ್ಷರಿಗೂ ಹೇಳಿದೆ.

“ಇರಲಿ ಬಿಡ್ರಿ,” ಎಂದರು. “ಅಂವಾ ಬರದಿದ್ರ ಮತ್ತೊಬ್ಬಾಂವ ಬರ್ತಿದ್ದ. ಹೊಲಾ ಮಟ್ಟಾ ಮಾಡಬ್ಯಾಡ ಅನ್ನಾಕ ನಾವ್ಯಾರು? ಹೆಂಗ ಮಾಡಬೇಕು ಅನ್ನೂದಕ್ಕ ಒಂದ ರೀತಿ ಬೇಕಲ್ರಿ.”

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಆದರೆ ಮೀನಿನ ಸಂಗತಿ ನನಗೆ ತಿಳಿದದ್ದು ಮಳೆ ಬಿದ್ದ ಮೇಲೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಅಧ್ಯಕ್ಷರ ಫೋನು ಬಂತು. “ಬಾಯಾರ, ಇದ್ದಂಗ ಬರ್ರಿ. ಮೀನ ಏರಾಕತ್ತಾವು.” ಹಿಂದಿನ ದಿನ ಗುಡ್ಡದಲ್ಲಿ ದೊಡ್ಡ ಮಳೆಯಾಗಿ ಹಳ್ಳಕ್ಕೆ ಹೊಸ ನೀರು ಬಂದಿತ್ತು. ನಾನು ಹೋಗುವಷ್ಟರಲ್ಲಿ ನದಿಯಲ್ಲಿ ಬಲೆ ಹಾಕುವ ಮನೆಗಳವರು, ಕುರಿಯವರು, ಸಾಲೆಗೆ ಹೊರಟಿದ್ದ ಮಕ್ಕಳು ಎಲ್ಲ ಅಲ್ಲಿ ಕೂಡಿದ್ದರು. ಊರ ಮೇಲೆ ಹಳ್ಳಕ್ಕೆ ಎರಡು ಕವಲು ಇವೆ. ಒಂದು ಕವಲು ಗಾಯರಾಣದ, ಅಂದರೆ ಊರ ದನಕುರಿ ಮೇಯುವ ಗೋಮಾಳದ, ಹುಲ್ಲಿನ ನಡುವೆ ಹರಿದು ಬರುತ್ತದೆ, ಅದರ ಬಾಜೂಕ್ಕೆ ಯಾರೂ ಯಂತ್ರ ಇಳಿಸಿರಲಿಲ್ಲ. ಇನ್ನೊಂದು, ನಾವು ನಡೆದು ನೋಡಿದ ಹೊಲಗಳ ನಡುವಿನದು.

ಹುಲ್ಲಿನ ಕವಲಿನಲ್ಲಿ ನೀರು ತುಸು ಕದಡಿದ್ದರೂ ತಳದ ಕಲ್ಲು ಕಾಣುತ್ತಿತ್ತು. ಆ ಕಲ್ಲುಗಳ ಮೇಲೆ ಅಂಗೈ ಅಗಲದ, ಬೆಳ್ಳಿ ಹೊಟ್ಟೆಯ ಮೀನುಗಳು ಗುಂಪುಗುಂಪಾಗಿ ಏರುತ್ತಿದ್ದವು. ನೀರು ಎಷ್ಟು ತೆಳ್ಳಗಿತ್ತೆಂದರೆ ಅವುಗಳ ಬೆನ್ನು ಹೊರಗೇ ಇತ್ತು. ಸೊಂಟ ಬಳುಕಿಸಿ ಬಳುಕಿಸಿ ಒಂದು ಕಲ್ಲು ದಾಟುವುದು, ನೆರಳಿನಲ್ಲಿ ತುಸು ನಿಲ್ಲುವುದು, ಮತ್ತೆ ಮುಂದಿನ ಕಲ್ಲು. ಹುಟ್ಟಿದಾಗಿನಿಂದ ಈ ನದಿಯ ಸೀಮೆಯಲ್ಲೇ ಇದ್ದರೂ ನಾನು ಅದನ್ನು ನೋಡಿರಲಿಲ್ಲ. ಬಾಯಿ ತೆರೆದು ನಿಂತೆ. ಕಚೇರಿಯಲ್ಲಿ ಹತ್ತು ಗಂಟೆಗೆ ಸಭೆ ಇದೆ ಎಂಬುದೂ ಮರೆತುಹೋಯಿತು.

ಇನ್ನೊಂದು ಕವಲಿನಲ್ಲಿ ನೀರು ಕೆಂಪಗೆ, ಅಂಬಲಿಯಂತೆ ದಪ್ಪಗೆ ಹರಿಯುತ್ತಿತ್ತು. ಅದರೊಳಗೂ ಮೀನು ಹೋಗಿದ್ದವು. ಎಷ್ಟು ಹೋದವು, ಏನಾದವು, ಏನೂ ಕಾಣಿಸುತ್ತಿರಲಿಲ್ಲ.

ಮೀನುಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರನ್ನು ಮರುದಿನವೇ ಕರೆತಂದೆ. ಅವರು ಪ್ಯಾಂಟು ಮಡಚಿ ಎರಡೂ ಕವಲಿಗೆ ಇಳಿದರು. ಎರಡು ಗಾಜಿನ ಡಬ್ಬಿಗಳಲ್ಲಿ ತಳದ ಹರಳು ತುಂಬಿಕೊಂಡು ಬಂದು ನಮ್ಮ ಮುಂದೆ ಹಿಡಿದರು. ಹುಲ್ಲಿನ ಕವಲಿನ ಹರಳುಗಳಿಗೆ ನೆನೆದ ಸಾಬೂದಾಣಿಯಂಥ ತತ್ತಿಗಳು ಅಂಟಿದ್ದವು, ಬಿಸಿಲಿಗೆ ಹೊಳೆಯುತ್ತಿದ್ದವು. ಇನ್ನೊಂದು ಡಬ್ಬಿಯಲ್ಲಿ ಹರಳಿನ ಮೇಲೆಲ್ಲ ಜಿಗಟು ಮಣ್ಣಿನ ಪದರ. ಅವರು ಉಗುರಿನಿಂದ ಅದನ್ನು ಕೆರೆದು ತೋರಿಸಿದರು. ಅಡಿಯಲ್ಲಿ ಇದ್ದ ತತ್ತಿಗಳು ಮಜ್ಜಿಗೆಯಂತೆ ಬೆಳ್ಳಗಾಗಿದ್ದವು.

“ತತ್ತಿಗೂ ಉಸಿರು ಬೇಕ್ರಿ,” ಎಂದರು. “ಕಲ್ಲಿನ ಸಂದಿಯೊಳಗ ನೀರ ಹಾದಾಡಿದ್ರ ಉಳಿತಾವು. ಮಣ್ಣ ಬಂದು ಕುಂತ್ರ ಅಲ್ಲೇ ಸತ್ತು ಹೋಗ್ತಾವು. ತಾಯಿ ಮೀನ ಇಷ್ಟ ದೂರ ಏರಿ ಬಂದಿದ್ದು ದಂಡ.”

ಅಧ್ಯಕ್ಷರು ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಬಾಯಾರ, ನೀವು ಇಂಜಿನಿಯರ್. ಮಣ್ಣಿನ ವಿದ್ಯಾ ಕಲ್ತಾವ್ರು. ಹೊಲಾ ಮಟ್ಟಾ ಮಾಡೂ ರೀತಿ ಏನಂತ ನೀವ ಬರೀರಿ. ಊರಾಗ ಒಪ್ಪಿಸೂದು ನನಗ ಬಿಡ್ರಿ,” ಎಂದರು.

ಆ ಭಾನುವಾರ ನಾಗನೂರಿಗೆ ಹೋದೆ. ತಮ್ಮನಿಗೆ ಮೊದಲು ಹೇಳಬೇಕು, ಬೇರೆಯವರ ಬಾಯಿಂದ ಅವನಿಗೆ ತಿಳಿಯಬಾರದು ಎಂದಿತ್ತು ನನಗೆ. ರೊಟ್ಟಿ, ಝುಣಕದ ಮುಂದೆ ಕೂತಾಗ ವಿಷಯ ತೆಗೆದೆ. ಅವನ ಕೈ ತಟ್ಟೆಯಲ್ಲೇ ನಿಂತಿತು.

“ಅಕ್ಕಾ, ನನ್ನ ಹೊಟ್ಟಿ ಮ್ಯಾಲ ನೀನ ಹೊಡಿಯಾಕತ್ತೀ? ನಾ ಏನ ಕಳವು ಮಾಡ್ತೇನಿ? ರೈತ ಕರೀತಾನ, ಹೋಗಿ ಮಟ್ಟಾ ಮಾಡ್ತೇನಿ.”

“ಕಳವು ಅಂತ ಯಾರಂದ್ರೋ? ಮ್ಯಾಲಿನ ಮಣ್ಣ ಹಳ್ಳಕ್ಕ ತಳ್ಳಬ್ಯಾಡ ಅಂದೆ, ಅಷ್ಟ.”

“ಮತ್ತ ಎಲ್ಲಿ ಒಯ್ಯಲಿ? ತಲಿ ಮ್ಯಾಲ ಹೊತ್ಕೊಂಡ ನಿಂದರ್ಲ್ಯಾ?”

“ಮೊದ್ಲ ಆ ಮಣ್ಣ ತಗದು ಬಾಜೂಕ ಒಟ್ಟು. ಕೆಳಗಿನ ಗಟ್ಟಿ ಮಣ್ಣ ಕೊರದು ಮಟ್ಟಾ ಮಾಡು. ಆಮ್ಯಾಲ ಒಟ್ಟಿದ್ದನ್ನ ತಿರುಗಿ ಮ್ಯಾಲ ಹಾಸು. ಕೆಳಗಿನ ಅಂಚಿಗಿ ಒಂದು ಒಡ್ಡು ಹಾಕು.”

“ಎರಡೆರಡ ಸಲ ಎತ್ತಬೇಕಂದ್ರ ಎಷ್ಟ ತಾಸ ಹಿಡಿತೈತಿ ಗೊತ್ತೈತೇನ? ರೈತ ನನ್ನ ಬಿಟ್ಟು ಬ್ಯಾರೆ ಗಾಡಿ ಕರೀತಾನ.”

“ಎಲ್ಲಾ ಗಾಡಿಗೂ ಅದ ನಿಯಮ ಆದ್ರ?”

ಅವ್ವ ಇಬ್ಬರ ತಟ್ಟೆಗೂ ಮತ್ತೊಂದು ರೊಟ್ಟಿ ಹಾಕಿ, “ಊಟದ ಮುಂದ ಮಣ್ಣ ತರಬ್ಯಾಡ್ರಿ, ಮೊದ್ಲ ಉಣ್ಣರಿ,” ಎಂದಳು. ತಮ್ಮ ಉಂಡು, ಕೈ ತೊಳೆದು, ಹೊರಗೆ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ: “ಎಲ್ಲಾರಿಗೂ ಅಂದ್ರ ಎಲ್ಲಾರಿಗೂ ಆಗಬೇಕ ನೋಡು. ನನ್ನ ಹಿಡದು ಮತ್ತೊಬ್ಬನ್ನ ಬಿಟ್ರ ನಾ ಕೇಳಾಂವಲ್ಲ.”

ಆ ವರ್ಷದ ಮಳೆಗಾಲ, ಚಳಿಗಾಲವೆಲ್ಲ ನಾನು ನಿಯಮ ಬರೆಯುವುದರಲ್ಲೇ ಕಳೆದೆ. ಕಚೇರಿ ಮುಗಿದ ಮೇಲೆ ಕೂತು, ಪುಸ್ತಕ ತೆಗೆದು, ಇಳಿಜಾರಿನ ಲೆಕ್ಕ ಹಾಕಿ ಮೊದಲ ಕರಡು ಮಾಡಿದೆ. ಅಧ್ಯಕ್ಷರಿಗೆ ಓದಿ ಹೇಳಿದರೆ ಅವರು ನಕ್ಕರು. “ಬಾಯಾರ, ಇದು ನಮ್ಮ ಭಾಷಾ ಹೌದೇನ್ರಿ?” ನನ್ನ ವಾಕ್ಯಗಳೆಲ್ಲ ಸರ್ಕಾರಿ ಆದೇಶದಂತೆ ಉದ್ದುದ್ದ ಇದ್ದವು. ಕೂತು ಮತ್ತೆ ಬರೆದೆ. ಈ ಸಲ ಹಳ್ಳದ ದಂಡೆಗೆ ಹತ್ತಿದ ಮೂವತ್ತು ಅಡಿಯಲ್ಲಿ ಯಂತ್ರ ಇಳಿಯಬಾರದು, ಅಲ್ಲಿನ ಹುಲ್ಲು, ಗಿಡ ಹಾಗೇ ಇರಬೇಕು ಎಂದು ಸರಳವಾಗಿ ಬರೆದೆ. ಮೇಲಿನ ಫಲವತ್ತಾದ ಮಣ್ಣನ್ನು ತೆಗೆದಿಟ್ಟು ತಿರುಗಿ ಹೊಲಕ್ಕೇ ಹಾಸಬೇಕು. ಕೆಳ ಅಂಚಿಗೆ ಹುಲ್ಲು ನೆಟ್ಟ ಒಡ್ಡು ಇರಬೇಕು. ಕೆಲಸ ಹಿಡಿಯುವ ಮೊದಲು ಪಂಚಾಯಿತಿಗೆ ತಿಳಿಸಬೇಕು. ರೋಹಿಣಿ ಮಳೆ ಹಿಡಿದ ದಿನದಿಂದ ದಸರೆಯ ತನಕ ಇಳಿಜಾರು ಹೊಲದಲ್ಲಿ ಮಣ್ಣು ಕೆದಕುವಂತಿಲ್ಲ, ಅರ್ಧ ಆಗಿದ್ದರೂ ನಿಲ್ಲಿಸಬೇಕು. ಓದಿ ಮುಗಿಸಿದಾಗ ಅಧ್ಯಕ್ಷರು, “ಹಾಂ, ಇದು ತಿಳೀತು,” ಎಂದರು.

ಬರೀ ಮಾತಿನಲ್ಲಿ ಹೇಳಿದರೆ ಊರು ಒಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಧ್ಯಕ್ಷರ ಮನೆಯವರಿಗೇ ಹಳ್ಳದ ಬಾಜೂಕ್ಕೆ ಒಂದು ಇಳಿಜಾರು ಹೊಲ ಇತ್ತು. ಸಂಕ್ರಮಣ ಕಳೆದ ಮೇಲೆ ಅದನ್ನು ನಮ್ಮ ರೀತಿಯಲ್ಲಿ ಮಟ್ಟ ಮಾಡಿ ತೋರಿಸುವುದೆಂದು ಆಯಿತು. ತಮ್ಮನಿಗೆ ಫೋನು ಮಾಡಿದೆ. ಬರುತ್ತಾನೋ ಇಲ್ಲವೋ ಎಂಬ ಅನುಮಾನ ನನಗಿತ್ತು. ಬಂದ. ನಾನು ಲೆವೆಲ್ ಯಂತ್ರ ಇಟ್ಟು ಗೂಟ ಹೊಡೆಸಿದೆ, ಸುಣ್ಣದ ಗೆರೆ ಹಾಕಿಸಿದೆ. ಅವನು ಕ್ಯಾಬಿನ್ನಿನಲ್ಲಿ ಕೂತು ನನ್ನ ಕೈಸನ್ನೆ ನೋಡಿ ನೋಡಿ ಕೊರೆದ. ಅಕ್ಕ, ತಮ್ಮ ಒಂದೇ ಹೊಲದಲ್ಲಿ ಕೆಲಸ ಮಾಡಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅವ್ವನ ಜೊತೆ ಕಸ ತೆಗೆಯಲು ಹೋಗುತ್ತಿದ್ದದ್ದು ಬಿಟ್ಟರೆ. ಸಂಜೆ ಹೊತ್ತಿಗೆ ಹೊಲ ತಾಟಿನಂತೆ ಮಟ್ಟವಾಗಿತ್ತು, ಮೇಲೆ ಹಳೆಯ ಮೇಲ್ಮಣ್ಣೇ ಹಾಸಿತ್ತು, ಹಳ್ಳಕ್ಕೆ ಒಂದು ಹೆಂಟೆ ಬಿದ್ದಿರಲಿಲ್ಲ. ಅವನು ಇಳಿದು ಬಂದು, ಕೈ ಸೊಂಟದ ಮೇಲಿಟ್ಟು ನೋಡಿ, “ಚಂದ ಆಗೇತಿ ಬಿಡು,” ಎಂದ. ತಡವಾಯಿತು ಎಂದು ಮಾತ್ರ ಗೊಣಗಿದ.

ಗ್ರಾಮಸಭೆ ಸಾಲೆಯ ಅಂಗಳದಲ್ಲಿ ಸೇರಿತು. ಅಷ್ಟು ಮಂದಿ ಬಂದದ್ದನ್ನು ನಾನು ಯಾವ ಸಭೆಯಲ್ಲೂ ಕಂಡಿರಲಿಲ್ಲ. ಹಳ್ಳದ ದಂಡೆಯಲ್ಲಿ ಎಲ್ಲರಿಗಿಂತ ದೊಡ್ಡ ಹೊಲ ಇದ್ದ ಒಬ್ಬ ಹಿರಿಯ ರೈತರು ಮುಂದಿನ ಸಾಲಿನಲ್ಲೇ ಕೂತಿದ್ದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ನಿಯಮ ಓದಿ ಮುಗಿಸುವುದೇ ತಡ, ಅವರು ಎದ್ದು ನಿಂತರು.

“ನಾಕ ಮೀನಿನ ಸಲುವಾಗಿ ನಮ್ಮ ಹೊಲದಾಗ ಸುಣ್ಣದ ಗೆರಿ ಎಳಿತೀರೇನ? ಹೊಲಾ ನಂದು, ಮಣ್ಣ ನಂದು. ನನಗ ಹೆಂಗ ಬೇಕ ಹಂಗ ಮಾಡಾಂವ ನಾನು.”

ಹಿಂದಿನಿಂದ ಯಾರೋ ದನಿ ಏರಿಸಿದರು: “ಇವರ ತಮ್ಮಂದ ಜೆಸಿಬಿ ಐತ್ರಿ. ನಿಯಮ ಮಾಡಿ ಕೆಲಸೆಲ್ಲಾ ಅವಗ ಕೊಡಸಾಕ ಹೊಂಟಾರ!”

ನಾನು ಮೈಕು ಹಿಡಿದು, “ಹೌದು, ನನ್ನ ತಮ್ಮಂದ ಜೆಸಿಬಿ ಐತ್ರಿ,” ಎಂದೆ. “ಈ ಹಳ್ಳಕ್ಕ ಬಿದ್ದ ಮಣ್ಣಿನಾಗ ಅವಂದೂ ಪಾಲೈತ್ರಿ. ನಿಯಮ ಎಲ್ಲಾ ಗಾಡಿಗೂ ಒಂದ. ಅವನ ಗಾಡಿಗಿ ಮೊದಲ.” ನನ್ನ ತಮ್ಮ ಹಿಂದೆ ಗೇಟಿನ ಹತ್ತಿರ ನಿಂತಿದ್ದ. ತಲೆ ತಗ್ಗಿಸಲಿಲ್ಲ. “ಅಕ್ಕ ಹೇಳೂದು ಖರೆ ಐತ್ರಿ,” ಎಂದು ಎಲ್ಲರಿಗೆ ಕೇಳುವಂತೆ ಹೇಳಿದ.

ಆಗ ಅಧ್ಯಕ್ಷರು ಎದ್ದರು. ಅವರಿಗೆ ಮೈಕು ಬೇಕಾಗಿರಲಿಲ್ಲ.

“ಕಾಕಾರ, ಹೊಲಾ ನಿಮ್ಮದ್ರಿ, ಯಾರೂ ಇಲ್ಲ ಅನ್ನಂಗಿಲ್ಲ. ನಿಮ್ಮ ಮ್ಯಾಲಿನ ಪಟ್ಟಿ ಕಬ್ಬ ಈ ವರ್ಷ ಹೆಂಗೈತ್ರಿ?”

ಸಭೆಯಲ್ಲಿ ಕಿಸಕ್ಕನೆ ನಗು ಹೊಮ್ಮಿತು. ಮಣ್ಣು ಕೊರೆದ ಆ ಪಟ್ಟಿಯಲ್ಲಿ ಕಬ್ಬು ಹಳದಿಯಾಗಿ ಮೊಣಕಾಲೆತ್ತರಕ್ಕೇ ನಿಂತದ್ದು ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು.

“ಹಳದಿ ಐತಿ. ಅದಕ್ಕೇನೀಗ?” ಎಂದರು ಕಾಕಾ.

“ನಿಮ್ಮ ಚಲೋ ಮಣ್ಣ ಹಳ್ಳದಾಗ ಐತ್ರಿ. ನಮ್ಮ ಕುರಿ ಅದರಾಗ ಹುಗದು ನಿಂದ್ರತಾವು. ಬೇಕಾದ್ರ ಬಂದು ಒಯ್ರಿ.”

ಈ ಸಲ ಕಾಕಾನವರಿಗೂ ನಗು ತಡೆಯಲಾಗಲಿಲ್ಲ. ಆದರೆ ಸುಲಭವಾಗಿ ಬಿಟ್ಟುಕೊಡುವ ಮನುಷ್ಯ ಅವರಲ್ಲ. ದಂಡೆ ಬಂಡೆಗಲ್ಲಿನದಾಗಿದ್ದ ಕಡೆ ಮೂವತ್ತು ಅಡಿ ಯಾಕೆ, ಅರ್ಧ ಸಾಕು ಎಂದು ವಾದಿಸಿದರು. ಯೋಚಿಸಿ ನೋಡಿದರೆ ಅದು ಸರಿಯಾದ ಮಾತೇ ಆಗಿತ್ತು. ಕಲ್ಲಿನ ದಂಡೆ ಕುಸಿಯುವುದಿಲ್ಲ. ಅಲ್ಲೇ ತಿದ್ದಿಕೊಂಡೆ. ಒಡ್ಡು ಹಾಕುವ, ಹುಲ್ಲು ನೆಡುವ ಕೂಲಿ ಯಾರ ತಲೆಗೆ ಎಂಬ ಪ್ರಶ್ನೆ ಬಂತು. ಅದನ್ನು ಉದ್ಯೋಗ ಖಾತ್ರಿಯಲ್ಲಿ ಹಿಡಿಯಬಹುದು ಎಂದು ನಾನು ಹೇಳಿದಾಗ, ಹಿಂದೆ ನೆಲದ ಮೇಲೆ ಕೂತಿದ್ದ ಕೂಲಿ ಹೆಂಗಸರ ಗುಂಪು ಮೊದಲ ಸಲ ಮಾತಾಡಿತು. “ನಾವು ಮಾಡ್ತೇವ್ರಿ,” ಎಂದು ಒಬ್ಬಾಕೆ ಕೈ ಎತ್ತಿದಳು. ಆಮೇಲೆ ಇಡೀ ಸಾಲೇ ಎತ್ತಿತು. ಕುಡುಗೋಲು ಹಿಡಿದು ಗಟ್ಟಿಯಾದ ಆ ಕೈಗಳು ನಮ್ಮ ಅವ್ವನ ಕೈಗಳಂತೆಯೇ ಇದ್ದವು. ಠರಾವು ಪಾಸಾಯಿತು. ಜಿಲ್ಲೆಯಿಂದ ಒಪ್ಪಿಗೆ ಬರುವುದು ತುಸು ತಡವಾಯಿತು, ಒಂದೆರಡು ತಿದ್ದುಪಡಿ ಹೇಳಿ ಕಳಿಸಿದರು, ಆಮೇಲೆ ಬಂತು.

ಆ ವರ್ಷ ರೋಹಿಣಿ ಮಳೆ ಹೇಳದೆ ಕೇಳದೆ ಬಂದುಬಿಟ್ಟಿತು. ಕಾಕಾ ತಮ್ಮ ಇನ್ನೊಂದು ಹೊಲವನ್ನು ಹೊಸ ರೀತಿಯಲ್ಲೇ ಮಟ್ಟ ಮಾಡಿಸುತ್ತಿದ್ದರು. ತಮ್ಮನ ಗಾಡಿಯೇ ಕೆಲಸಕ್ಕಿತ್ತು. ಮಧ್ಯಾಹ್ನ ಗುಡ್ಡದ ಮೇಲೆ ಮೋಡ ಕಟ್ಟಿ ನಾಲ್ಕು ದಪ್ಪ ಹನಿ ಬಿದ್ದವು. ಅಧ್ಯಕ್ಷರು ಫೋನು ಮಾಡಿದರು: “ಬಾಯಾರ, ಮಳಿ ಬಂತ್ರಿ. ಗಾಡಿ ನಡದೈತಿ.”

ನಾನು ಹೋದಾಗ ಹೊಲದ ಒಂದು ಭಾಗ ಇನ್ನೂ ಬರಿಮೈಯಲ್ಲಿತ್ತು. ಕಾಕಾ ಟೋಪಿ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದರು. “ಒಂದ ತಾಸಿನ ಕೆಲಸ ಐತ್ರಿ ಬಾಯಾರ, ಮುಗಿಸಿಬಿಡ್ಲಿ.” ರಸ್ತೆಯಲ್ಲಿ ಬೇರೆ ಎರಡು ಜೆಸಿಬಿಯ ಚಾಲಕರು ತಮ್ಮ ಗಾಡಿ ನಿಲ್ಲಿಸಿ ಏನಾಗುತ್ತದೆಂದು ನೋಡುತ್ತಿದ್ದರು. ತಮ್ಮ ಕ್ಯಾಬಿನ್ನಿನಿಂದ ಬಗ್ಗಿ, “ಅಕ್ಕಾ, ಒಂದ ತಾಸ. ನೀ ಹೂಂ ಅಂದ್ರ ಮುಗೀತು,” ಎಂದ.

ಅವನ ಮುಖ ನೋಡಿದೆ. ಅರ್ಧ ಬಿಟ್ಟ ಕೆಲಸಕ್ಕೆ ಅವನು ತಿರುಗಿ ದಸರೆಯ ನಂತರ ಬರಬೇಕು. ಅದೆಲ್ಲ ನನಗೆ ಗೊತ್ತಿತ್ತು. ರಸ್ತೆಯಲ್ಲಿ ನಿಂತವರ ಮುಖವನ್ನೂ ನೋಡಿದೆ.

“ಎಲ್ಲಾರಿಗೂ ಅಂದ್ರ ಎಲ್ಲಾರಿಗೂ ಅಂತ ನೀನ ಅಂದಿದ್ದಿ,” ಎಂದೆ. “ಬಂದ್ ಮಾಡು.”

ಅವನು ಬಕೆಟ್ಟನ್ನು ನೆಲಕ್ಕೆ ಊರಿ ಎಂಜಿನ್ ಬಂದ್ ಮಾಡಿದ. ಆ ಸದ್ದು ನಿಂತಾಗ ಹಳ್ಳದ ಆಚೆ ಕುರಿಗಳು ಒದರುವುದು ಕೇಳಿಸಿತು. ಬರಿ ಬಿಟ್ಟ ಮಣ್ಣು ಕೊಚ್ಚಿ ಹೋಗದಂತೆ ಅದರ ಮೇಲೆ ರವದಿ, ಅಂದರೆ ಕಬ್ಬಿನ ಒಣಗಿದ ಸೋಗೆ, ಹರವೋಣ ಎಂದೆ. ಒಡ್ಡಿನ ಕೆಲಸಕ್ಕೆ ಬಂದಿದ್ದ ಹೆಂಗಸರು ಹೊರೆ ಹೊರೆ ತಂದು ಹಾಕಿದರು. ತಮ್ಮ ಇಳಿದು ಬಂದು ಅವರ ಜೊತೆ ಹೊತ್ತ. ಸ್ವಲ್ಪ ಹೊತ್ತು ಮುಖ ಗಂಟಿಕ್ಕಿಕೊಂಡು ನಿಂತಿದ್ದ ಕಾಕಾ ಕೂಡ ಕಡೆಗೆ ಒಂದು ಹೊರೆ ಎತ್ತಿಕೊಂಡರು. ನಾವು ಮುಗಿಸುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು.

ಯಾರೂ ಮನೆಗೆ ಹೋಗಲಿಲ್ಲ. ನೆನೆಯುತ್ತಲೇ ಒಡ್ಡಿನ ಹತ್ತಿರ ನಿಂತೆವು. ಹೊಲದ ನೀರು ಬಂದು ಒಡ್ಡಿಗೆ ತಾಗಿ ನಿಂತಿತು, ಹುಲ್ಲಿನ ನಡುವೆ ಸೋಸಿ ಮೆಲ್ಲಗೆ ಹಳ್ಳಕ್ಕೆ ಇಳಿಯಿತು. ತುಸು ಮಬ್ಬು ಇತ್ತು, ಕೆಂಪಗಿರಲಿಲ್ಲ. ಕಾಕಾ ಬಗ್ಗಿ ಬೊಗಸೆಯಲ್ಲಿ ಆ ನೀರು ಹಿಡಿದು ನೋಡಿದರು. “ಮಣ್ಣ ಹೊಲದಾಗ ಉಳದೈತಿ,” ಎಂದರು. ಅವರಿಗೆ ಮೀನಿಗಿಂತ ಅದೇ ದೊಡ್ಡದು. ಇರಲಿ, ನನಗೆ ಎರಡೂ ಒಂದೇ ಆಗಿತ್ತು.

ತಮ್ಮ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ. ಫೋನು ಮಾಡಿದರೆ ಅವ್ವನ ಕೈಗೆ ಕೊಡುತ್ತಿದ್ದ. ನಾನೂ ಒತ್ತಾಯ ಮಾಡಲಿಲ್ಲ. ಒಂದು ದಿನ ಅವ್ವ ನಗುತ್ತ ಹೇಳಿದಳು: “ನಿನ್ನ ಮುಂದ ಮಾತಾಡಂಗಿಲ್ಲ ಅಂವಾ. ಗೋಕಾಕದಾಗ ಚಾದಂಗಡಿ ಮುಂದ ಡ್ರಾಯ್ವರ್ ಮಂದಿಗೆಲ್ಲಾ ಹೇಳ್ಕೋತ ಅದಾನಂತ, ‘ನಮ್ಮಕ್ಕ ನನ್ನ ಗಾಡೀನ ನಿಲ್ಲಿಸಿದಾಕಿ, ನಿಮ್ಮನ್ನ ಬಿಡ್ತಾಳೇನ’ ಅಂತ.” ಅಷ್ಟರಲ್ಲಿ ಹಿಂದಿನಿಂದ ಅವನ ದನಿ ಕೇಳಿತು: “ಕೊಡ ಇಲ್ಲಿ ಫೋನು.” ತೆಗೆದುಕೊಂಡವನೇ ಬೇರೆ ಯಾವುದೋ ಹೊಲದ ಇಳಿಜಾರಿನ ಬಗ್ಗೆ ಕೇಳತೊಡಗಿದ.

ಮುಂದಿನ ವರ್ಷದ ಹೊಸ ನೀರಿಗೆ ಅವ್ವನನ್ನು ಕರೆದುಕೊಂಡು ಹೋದೆ. ತಮ್ಮನೂ ಬಂದ. ಹುಲ್ಲಿನ ಕವಲಿನಲ್ಲಿ ಎಂದಿನಂತೆ ಮೀನು ಏರುತ್ತಿದ್ದವು. ನಾನು ನೋಡಲು ಬಂದದ್ದು ಇನ್ನೊಂದು ಕವಲನ್ನು. ಹಿಂದಿನ ಮಳೆಗಾಲದ ನೀರು ಅಲ್ಲಿನ ಹಳೆಯ ಮಣ್ಣನ್ನು ಅರ್ಧಕ್ಕರ್ಧ ತೊಳೆದು ಒಯ್ದಿತ್ತು. ಹೊಸ ಮಣ್ಣು ಬಂದು ಕೂತಿರಲಿಲ್ಲ. ಅಲ್ಲಲ್ಲಿ ಕಲ್ಲು ಎದ್ದು ಕಾಣುತ್ತಿತ್ತು. ಆ ಕಲ್ಲುಗಳ ಸಂದಿಯಲ್ಲಿ ಬೆಳ್ಳಿ ಹೊಟ್ಟೆಗಳು ಮಿಂಚಿದವು. ಮೊದಲು ಒಂದೆರಡು, ಆಮೇಲೆ ಒಂದು ಗುಂಪು. ನದಿಯ ಬಲೆಯವರು ಏರುವ ಮೀನು ಹಿಡಿಯುವುದಿಲ್ಲ ಎಂದು ತಾವೇ ಒಪ್ಪಂದ ಮಾಡಿಕೊಂಡು ಸುಮ್ಮನೆ ಕೂತು ನೋಡುತ್ತಿದ್ದರು. ಅವ್ವ ಸೀರೆ ಮೇಲಕ್ಕೆ ಸಿಕ್ಕಿಸಿ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಇಷ್ಟ ಸಣ್ಣ ಮೀನಿಗಿ ಇಷ್ಟ ಮಂದಿ ಕೂಡಿದ್ರೇನ?” ಎಂದಳು. ಆಮೇಲೆ ತಾನೇ ಉತ್ತರ ಕೊಟ್ಟುಕೊಂಡಂತೆ, “ಚಲೋ ಮಾಡಿದ್ರಿ,” ಎಂದಳು. ನನಗೂ ತಮ್ಮನಿಗೂ ಸೇರಿಸಿ ಹೇಳಿದ್ದು. ಕಾಲೇಜಿನಲ್ಲಿ ಪಾಸಾದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಮೇಲೆ ಕೌಜಲಗಿ ಕಡೆಯ ಒಂದು ಪಂಚಾಯಿತಿಯವರು ಬಂದು ನಿಯಮದ ಪ್ರತಿ ಕೇಳಿದರು. ಅವರದು ಕರಿಮಣ್ಣು, ಹಳ್ಳ ಬೇರೆ ತರಹ. ಕೊಟ್ಟು, ನಿಮ್ಮ ನೆಲ ನೋಡಿ ತಿದ್ದಿಕೊಳ್ಳಿ ಎಂದೆ. ತಿದ್ದಿಕೊಂಡರು. ಮೂಡಲಗಿ ಕಡೆಯಿಂದಲೂ ಒಬ್ಬರು ಫೋನು ಮಾಡಿದ್ದರು. ಎಲ್ಲ ಕಡೆ ನಡೆಯುತ್ತದೆ ಎಂದು ಹೇಳಲಾರೆ. ಒಂದು ಊರಿನಲ್ಲಿ ಸಭೆಯಲ್ಲೇ ಬಿದ್ದುಹೋಯಿತು.

ಹೋದ ಮಳೆಗಾಲದ ಆರಂಭದಲ್ಲಿ ಕಾಕಾ ಫೋನು ಮಾಡಿದರು. ದನಿಯಲ್ಲಿ ಸಿಟ್ಟು ಕುದಿಯುತ್ತಿತ್ತು. “ಬಾಯಾರ, ಲಗೂನ ಬರ್ರಿ. ಮ್ಯಾಲಿನ ಹೊಲದಾಂವ ಮಳ್ಯಾಗ ಗಾಡಿ ಹಚ್ಚ್ಯಾನ. ಹಳ್ಳಕ್ಕ ಮಣ್ಣ ಬೀಳಾಕತ್ತೈತಿ!” ನಾನು ಕಚೇರಿಯಲ್ಲಿ ಹೇಳಿ ಸ್ಕೂಟಿ ಹತ್ತಿದೆ. ಮಳೆಯಲ್ಲಿ ದಾರಿ ಜಾರುತ್ತಿತ್ತು, ತಲುಪಲು ತಡವಾಯಿತು. ಹೋಗಿ ನೋಡಿದರೆ ಜೆಸಿಬಿ ರಸ್ತೆಯ ಬದಿಗೆ ಬಂದು ನಿಂತಿತ್ತು. ಅಧ್ಯಕ್ಷರು ಹೊಲದ ಮಾಲೀಕನಿಗೆ ಒಡ್ಡು ಎಲ್ಲಿ ಬರಬೇಕೆಂದು ಕೈ ತೋರಿಸಿ ಹೇಳುತ್ತಿದ್ದರು. ಕಾಕಾ ಕೊಡೆ ಹಿಡಿದುಕೊಂಡು ಹೆಂಗಸರಿಂದ ರವದಿ ಹಾಕಿಸುತ್ತಿದ್ದರು, ಅಲ್ಲಿ ತೆಳ್ಳಗಾಯಿತು, ಇಲ್ಲಿ ಇನ್ನೊಂದು ಹೊರೆ ಹಾಕ್ರಿ ಎಂದು ಕೂಗುತ್ತಿದ್ದರು. ಮಳೆಯ ಸದ್ದಿನಲ್ಲಿ ನಾನು ಬಂದದ್ದು ಅವರಿಗೆ ತಿಳಿಯಲೇ ಇಲ್ಲ.

ಅಲ್ಲಿ ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ರೇನ್‌ಕೋಟಿನ ಟೊಪ್ಪಿಗೆ ಹಿಂದಕ್ಕೆ ಸರಿಸಿ, ಸ್ವಲ್ಪ ಹೊತ್ತು ರಸ್ತೆಯಲ್ಲೇ ನಿಂತು ನೋಡಿದೆ. ಆಮೇಲೆ ಒಬ್ಬ ಹೆಂಗಸು ಗುರುತು ಹಿಡಿದು, “ಬರ್ರಿ ಬಾಯಾರ, ಚಾ ಕುಡದು ಹೋಗ್ರಿ,” ಎಂದು ಕರೆದಳು. ಕುಡಿದು ಬಂದೆ.